ಅಂಜನಮ್ಮನ ತೋಳಿನ ಒಂಟಿ ಹಕ್ಕಿ

ಸಾರಕ್ಕಿ ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಏರಿಯ ಕೆಳಗೆ, ಹುಲ್ಲು ಹೊದಿಸಿದ ಗುಡಿಸಲಿನ ಬಾಗಿಲಲ್ಲಿ ಅಂಜನಮ್ಮ ಕುಕ್ಕರಗಾಲಲ್ಲಿ ಕೂತು ಒಂದು ಸಣ್ಣ ಮಡಕೆಯ ಒಳಮೈಯನ್ನು ಕೋಳಿ ಪುಕ್ಕದಿಂದ ಮೆಲ್ಲಗೆ ಸವರುತ್ತಿದ್ದಾರೆ. ಹಿಂದಿನ ರಾತ್ರಿ ಹರಳೆಣ್ಣೆಯ ಹಣತೆ ಹಚ್ಚಿ, ಮೂರು ಕಲ್ಲಿನ ಮೇಲೆ ಈ ಮಡಕೆಯನ್ನು ಬೋರಲು ಹಾಕಿ ಮಲಗಿದ್ದರು. ಈಗ ಒಳಗೆಲ್ಲ ಮಸಿ ಮೆತ್ತಿಕೊಂಡಿದೆ. ಪುಕ್ಕ ಆಡಿದಂತೆಲ್ಲ ಅದು ತೆಂಗಿನ ಕರಟಕ್ಕೆ ಉದುರುತ್ತದೆ. ನೋಡೋಣವೆಂದು ನಾನು ಬಗ್ಗಿದರೆ ಗದರಿಕೆ ಬೀಳುತ್ತದೆ.

"ಮೂಗು ಅತ್ಲಾಗೆ ಇಕ್ಕಳಿ ಸ್ವಾಮಿ. ನಿಮ್ಮ ಒಂದು ಉಸ್ರಿಗೆ ನನ್ನ ರಾತ್ರಿಯೆಲ್ಲಾ ಹಾರೋಯ್ತದೆ."

ಅಂಜನಮ್ಮ ಹಚ್ಚೆ ಹಾಕುವವರು. ಬನಶಂಕರಿ ಗುಡಿಯಿಂದ ಉತ್ತರಹಳ್ಳಿಯವರೆಗೆ, ಇತ್ತ ಯಡಿಯೂರು, ಬಸವನಗುಡಿಯವರೆಗೆ ನಲವತ್ತು ದಾಟಿದ ಹೆಂಗಸರನ್ನು ನಿಲ್ಲಿಸಿ ತೋಳು ತೋರಿಸಿ ಎಂದರೆ ಅರ್ಧಕ್ಕರ್ಧ ಈಕೆಯ ಕೈಕೆಲಸವೇ ಎಂದು ನನ್ನ ತಾಯಿ ಹೇಳುತ್ತಾರೆ. ಹೇಳುವಾಗ ಸಾಕ್ಷಿಗೆ ತಮ್ಮ ಮುಂಗೈ ಚಾಚುತ್ತಾರೆ. ಅಲ್ಲೊಂದು ತುಳಸಿಕಟ್ಟೆ, ಅದರ ಕೆಳಗೆ ಚುಕ್ಕಿಗಳು. ನಾನು ಹುಟ್ಟುವ ಮೊದಲು ಬಸವನಗುಡಿಯ ಮನೆಯ ಜಗಲಿಯಲ್ಲಿ ಹಾಕಿಸಿಕೊಂಡದ್ದು. "ಸಿನಿಮಾದವರು ಏನು ತಿಂದರು, ಏನು ಉಟ್ಟರು ಅಂತ ಬರೆದು ಪೇಪರಿನ ಪುಟ ತುಂಬಿಸ್ತೀಯಲ್ಲ, ಆಕೆ ಬಗ್ಗೆ ನಾಲ್ಕು ಸಾಲು ಬರಿ" ಎಂದು ಅವರು ಮೂದಲಿಸಿದ್ದರಿಂದಲೇ ನಾನು ಈ ಚಳಿಯಲ್ಲಿ ಜಯನಗರದಿಂದ ಸೈಕಲ್ ತುಳಿದುಕೊಂಡು ಬಂದಿದ್ದೇನೆ.

ಇವತ್ತಿನ ತೋಳು ಯಾರದು ಎಂದು ಕೇಳುತ್ತೇನೆ. ಅಂಜನಮ್ಮ ಕರಟಕ್ಕೆ ಬಟ್ಟೆ ಮುಚ್ಚಿ ಎದ್ದು ಊರೊಳಕ್ಕೆ ನಡೆಯುತ್ತಾರೆ.

ಮಸಿ ಕಲೆಸಲು ಹಾಲು ಬೇಕು. ದನದ ಹಾಲಲ್ಲ, ಎದೆಗೆ ಕೂಸಿರುವ ತಾಯಿಯ ಹಾಲು. ಅದಿಲ್ಲದಿದ್ದರೆ ಹಚ್ಚೆ ತಂಪಾಗಿ ಕೂರುವುದಿಲ್ಲ, ಬಣ್ಣವೂ ಹಸಿರಾಗಿ ಮೇಲೇಳುವುದಿಲ್ಲ ಎಂಬುದು ಈ ಕಸುಬಿನವರ ನಂಬಿಕೆ. ಹಿಂದೆಲ್ಲ ಯಾವ ಮನೆಯ ಮುಂದೆ ನಿಂತರೂ ಬಾಣಂತಿಯರು ಒಳಗೆ ಹೋಗಿ ತಂದು ಕೊಡುತ್ತಿದ್ದರಂತೆ. ಹೊಲಗಳನ್ನು ಅಳೆದು ಕಲ್ಲು ನೆಟ್ಟು ಸೈಟು ಮಾಡಿದ ಮೇಲೆ ಬಂದ ಮನೆಗಳಲ್ಲಿ ಹಾಗೆ ಕೇಳುವಂತಿಲ್ಲ. "ನಾಕನೇ ಬ್ಲಾಕ್‌ನಾಗೆ ಒಬ್ಬಮ್ಮ, ಡಬ್ಬದ ಪೌಡರ್ ಐತೆ ಕೊಡ್ಲಾ ಅಂದ್ರು. ಪಾಪ, ಒಳ್ಳೆ ಮನಸ್ಸಿಂದ್ಲೇ ಕೇಳಿದ್ರು. ನಂಗೆ ನಗು ತಡ್ಕಳಕ್ಕೆ ಆಗ್ಲಿಲ್ಲ" ಎನ್ನುತ್ತಾರೆ ಅಂಜನಮ್ಮ.

ಸಾರಕ್ಕಿಯ ಗೌರಮ್ಮನಿಗೆ ಮೂರು ತಿಂಗಳ ಕೂಸಿದೆ. ಅವಳ ತೋಳಿನ ಚೇಳಿನ ಹಚ್ಚೆ ಅಂಜನಮ್ಮನದೇ. ಅವಳು ಒಳಗೆ ಹೋಗಿ ಕರಟದ ತಳದಲ್ಲಿ ಒಂದಿಷ್ಟು ಹಾಲು ತಂದುಕೊಡುತ್ತಾ ಕೇಳುತ್ತಾಳೆ.

"ಯಾರಿಗಜ್ಜಿ ಇವತ್ತು? ಯಾರ್ದಾದ್ರೂ ಮದ್ವೆ ಗೊತ್ತಾಯ್ತಾ?"

"ನಂಗೇ ಕಣವ್ವ."

ಗೌರಮ್ಮ ನನ್ನ ಮುಖ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. ಆಗ ಅಂಜನಮ್ಮ ಸೆರಗು ಸರಿಸಿ ಎರಡೂ ತೋಳುಗಳನ್ನು ತೋರಿಸುತ್ತಾರೆ. ಇಷ್ಟು ಹೊತ್ತು ಜೊತೆಗಿದ್ದೂ ನಾನು ಗಮನಿಸಿರಲಿಲ್ಲ. ಸೀಮೆಗೆಲ್ಲ ಹಚ್ಚೆ ಹಾಕಿದ ಹೆಂಗಸಿನ ತೋಳಿನ ಮೇಲೆ ಒಂದು ಚುಕ್ಕಿಯೂ ಇಲ್ಲ.

ಇದು ಅವರ ಮನೆತನದ ಕಟ್ಟುಪಾಡು. ಗಂಡಸರು ಬುಟ್ಟಿ ಹೆಣೆಯುವುದು, ಹೆಂಗಸರು ಹಚ್ಚೆ ಹಾಕುವುದು, ತಲೆತಲಾಂತರದಿಂದ ನಡೆದುಬಂದದ್ದು. ಸೂಜಿ ಹಿಡಿದಿರುವಷ್ಟು ಕಾಲ ಆ ಕೈಗೆ ಸೂಜಿ ತಾಗಬಾರದು. ಕಸುಬು ಬಿಡುವ ದಿನ ಒಡಹುಟ್ಟಿದವಳು ಕೂರಿಸಿಕೊಂಡು ತವರಿನ ಗುರುತು ಹಾಕಬೇಕು. ಬೇರೆ ಯಾರೂ ಹಾಕುವಂತಿಲ್ಲ. ಇವರ ತವರಿನ ಗುರುತು ಮುಖಾಮುಖಿ ಕೂತ ಎರಡು ಹಕ್ಕಿ. ಅವರ ತಾಯಿಯ ತೋಳಿನಲ್ಲಿತ್ತು, ತಾಯಿಯ ತಾಯಿಯ ತೋಳಿನಲ್ಲಿತ್ತು. ಅಕ್ಕ ನಾರಾಯಣಮ್ಮನ ತೋಳಿನಲ್ಲಿದೆ. ಅದನ್ನು ಹಾಕಿದವರು ಅಂಜನಮ್ಮನೇ.

"ಅಕ್ಕಂಗೆ ಕಣ್ಣು ಮಂಜಾಯ್ತು. ಸೂಜಿ ಕೆಳಗಿಟ್ಲು. ಆವತ್ತೇ ಹಾಕ್ದೆ. ನಂಗೆ ಇನ್ನೂ ಟೈಮ್ ಐತೆ ಅಂದ್ಕಂಡೆ" ಎನ್ನುತ್ತಾರೆ.

ಅಂದಿನಿಂದ ನಾಲ್ಕು ವರ್ಷವಾಗಿದೆ. ಕಣ್ಣು ಹೋದ ನಾರಾಯಣಮ್ಮ ಉತ್ತರಹಳ್ಳಿಯಲ್ಲಿರುವ ಮಗಳ ಮನೆ ಸೇರಿಕೊಂಡರು. ಅಳಿಯ ಚಿಕ್ಕಬೈರಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ, ಖಾಕಿ ಪ್ಯಾಂಟು, ಊಟದ ಡಬ್ಬ. ಅತ್ತೆ ಹಚ್ಚೆ ಹಾಕುತ್ತಿದ್ದಳು ಎಂದು ಜೊತೆಯವರಿಗೆ ಗೊತ್ತಾಗುವುದು ಅವನಿಗೆ ಬೇಡ. ಆದ್ದರಿಂದ ಅಂಜನಮ್ಮ ಆ ಕಡೆ ಹೋಗುವಂತಿಲ್ಲ, ಅಕ್ಕ ಈ ಕಡೆ ಬರುವಂತಿಲ್ಲ. ನಡುವೆ ಇರುವುದು ನಾಲ್ಕೈದು ಮೈಲಿ ಗಾಡಿದಾರಿ. ಅಮೆರಿಕವೇ ಮೇಲು ಎನಿಸುತ್ತದೆ ನನಗೆ, ಅಲ್ಲಿಗಾದರೂ ಅಂಚೆ ಹೋಗುತ್ತದೆ.

ಕಸುಬೂ ಹೆಚ್ಚು ಉಳಿದಿಲ್ಲ. ಮೊದಲು ಸುಗ್ಗಿ ಮುಗಿದು ಮದುವೆ ಕಾಲ ಬಂದರೆ ದಿನಕ್ಕೆ ಐದಾರು ತೋಳು, ಕೂಲಿಗೆ ರಾಗಿ, ಹಳೇ ಸೀರೆ, ಎಲೆಅಡಿಕೆ. ನಯಾ ಪೈಸೆ ಬಂದ ಮೇಲೆ ರಾಗಿ ಕೊಡುವವರು ಕಡಿಮೆಯಾದರು, ತೋಳು ಕೊಡುವವರು ಇನ್ನೂ ಕಡಿಮೆಯಾದರು. ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುತ್ತಾರೆ, ಟೀಚರು ಏನೆಂದಾರು ಎಂದು ತಾಯಂದಿರು ಹಿಂಜರಿಯುತ್ತಾರೆ. ಈಗ ತಿಂಗಳಿಗೆ ಒಂದು ಸಿಕ್ಕರೆ ಹೆಚ್ಚು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಬೆಳಿಗ್ಗೆ ಕೆರೆಕಡೆ ಬರುವ ಹೆಂಗಸರನ್ನು ಬಿಟ್ಟರೆ ಮಾತಾಡಿಸುವವರಿಲ್ಲ. ಸಂಜೆ ಆರಕ್ಕೆ ಕದ ಹಾಕಿಕೊಂಡರೆ ಬೆಳಗಿನವರೆಗೆ ತಮ್ಮ ದನಿ ತಮಗೇ ಕೇಳುವುದಿಲ್ಲ ಎನ್ನುತ್ತಾರೆ.

"ಹಂಗಾದ್ರೆ ಇವತ್ತು ಕಸುಬು ಬಿಡ್ತೀರಾ?" ಎಂದು ಕೇಳುತ್ತೇನೆ.

"ಅದೇ ನನ್ನ ಬುಟ್ಟೋಗೈತೆ ಸ್ವಾಮಿ. ನಾನೇನು ಬಿಡೋದು?" ನಡೆಯುತ್ತಲೇ ಅವರೇ ಮುಂದುವರಿಸುತ್ತಾರೆ. "ನಮ್ಮಲ್ಲಿ ಒಂದು ಮಾತೈತೆ. ಮೇಲಕ್ಕೋದಾಗ ಮುಖ ನೋಡಿ ಯಾರೂ ಗುರ್ತು ಹಿಡಿಯಲ್ಲ. ತೋಳು ನೋಡ್ತಾರೆ. ನಮ್ಮವ್ವ ಅಲ್ಲಿ ನಿಂತಿರ್ತಾಳೆ. ಬರೀ ತೋಳು ಹೊತ್ಕಂಡು ಹೋದ್ರೆ ಯಾರೋ ಅಂದ್ಕಂಡು ಅತ್ಲಾಗೆ ತಿರುಗ್ತಾಳೆ. ಇಲ್ಲೂ ಒಬ್ಳೇ ಆಯ್ತು. ಅಲ್ಲೂ ಒಬ್ಳೇ ನಿಂತ್ಕಬೇಕಾ?"

ಇದು ನಂಬುವ ವಿಷಯ ಹೌದೋ ಅಲ್ಲವೋ ಎಂಬ ಚರ್ಚೆ ಬೇಡ ಎನಿಸಿತು. ಸೈಕಲ್ ತಳ್ಳಿಕೊಂಡು ಅವರ ಜೊತೆ ಹೆಜ್ಜೆ ಹಾಕುತ್ತೇನೆ.

ಹೊತ್ತು ಮೂಡುವ ವೇಳೆಗೆ ನಾವು ಬನಶಂಕರಿ ಗುಡಿಯ ಮುಂದಿದ್ದೇವೆ. ಉತ್ತರಹಳ್ಳಿಯ ತಿಮ್ಮರಾಯಪ್ಪ ಅವರೆಕಾಯಿ, ಸೊಪ್ಪು ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತಾನೆ. ಅವನ ಕೈಲಿ ಹೇಳಿಕಳಿಸಿ, ಹೇಳಿಕಳಿಸಿ, ಅಂತೂ ಈ ದಿನ ಗೊತ್ತಾಗಿದೆ. ದೇವಿಯ ದರ್ಶನಕ್ಕೆ ಎಂದು ಅಳಿಯನಿಗೆ ಹೇಳಿ ನಾರಾಯಣಮ್ಮ ಗಾಡಿಯಲ್ಲಿ ಬರುತ್ತಾರೆ. ಮಾರ್ಕೆಟ್ಟು ಮುಗಿಸಿ ತಿಮ್ಮರಾಯಪ್ಪ ಮಧ್ಯಾಹ್ನಕ್ಕೆ ವಾಪಸು ಬರುವಷ್ಟರಲ್ಲಿ ಎರಡು ಹಕ್ಕಿ ಮುಗಿಯಬೇಕು.

ಕಾಯುತ್ತಾ ಕೂತಾಗ ಅಂಜನಮ್ಮ ಗುಡಿಗೆ ಬರುವವರ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. "ಅದು ನಂದು. ಆ ನವಿಲು ಅಕ್ಕಂದು. ಓ, ಆ ಸೀತೆ ಸೆರಗಿನ ಚಿತ್ತಾರ ನಂದು, ಎಷ್ಟು ಅತ್ತಿದ್ಲು ಆ ಮಗಾ!" ಆ 'ಮಗಾ' ಈಗ ರೇಷ್ಮೆ ಸೀರೆಯ ಯಜಮಾನಿ, ಪಕ್ಕದಲ್ಲಿ ಸೊಸೆ. ಮುಂಗೈಯ ಹಚ್ಚೆಯ ಮೇಲೆ ಸರಿಯಾಗಿ ವಾಚು ಕಟ್ಟಿಕೊಂಡಿದ್ದಾರೆ. ಅಂಜನಮ್ಮ ಇದ್ದ ಕಡೆ ಒಂದು ಸಲ ನೋಡಿ, ಭಿಕ್ಷೆಯವಳು ಅಂದುಕೊಂಡು, ಚಿಲ್ಲರೆಗೆ ಚೀಲ ತಡಕಿ, ಸಿಗದೆ ಮುಂದೆ ಹೋಗುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅಂಜನಮ್ಮನಿಗೆ ಬರುವುದಿಲ್ಲ.

"ಗೆರೆ ಇನ್ನೂ ಮಾಸಿಲ್ಲ, ನೋಡಿದ್ರಾ?" ಎನ್ನುತ್ತಾರೆ, ಅಷ್ಟೆ.

ಗುಡಿಯ ಎದುರಿನ ಹೋಟೆಲಿನಿಂದ ಇಡ್ಲಿ ತರಿಸಲೇ ಎಂದರೆ ಬೇಡವೆಂದು ಕೈಯಾಡಿಸುತ್ತಾರೆ. ಆ ಸಮಯದಲ್ಲಿ ಹಚ್ಚೆ ಹಾಕಿಸಿಕೊಳ್ಳುವವರು ಮಾಡಿಕೊಳ್ಳಬೇಕಾದ ತಯಾರಿಯ ಬಗ್ಗೆಯೇ ಅವರು ಹೇಳುತ್ತಿದ್ದರು. ಹಿಂದಿನ ದಿನ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳಬೇಕು. ಮನೆಯಲ್ಲಿ ಜಗಳ ಆಡಿ ಬರಬಾರದು, ರಕ್ತ ಬಿಸಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಹೊಟ್ಟೆ ತುಂಬ ಉಂಡು ಬಂದು ಕೂರಬೇಕು. ಹಾಕುವವರದು ತದ್ವಿರುದ್ಧ. ಸೂಜಿ ತೊಳೆದಿಡುವ ತನಕ ಅವರು ಹನಿ ನೀರೂ ಮುಟ್ಟುವುದಿಲ್ಲ. ಉಂಡ ಕೈ ಭಾರವಾಗುತ್ತದಂತೆ.

ಗಾಡಿ ಬಂತು. ಅವರೆಕಾಯಿ ಮೂಟೆಗಳ ನಡುವೆ, ಒಗೆದ ಸೀರೆಯುಟ್ಟು, ಹಣೆಯ ಮೇಲೆ ಕೈ ಅಡ್ಡ ಹಿಡಿದು ನಾರಾಯಣಮ್ಮ ಕೂತಿದ್ದಾರೆ. ಕಣ್ಣಿಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ತಿಳಿಯದು. ಅಂಜನಮ್ಮ ಓಡಿಹೋಗಿ ಅವರ ಕಾಲು ಹಿಡಿದು ಇಳಿಸಿಕೊಳ್ಳುತ್ತಾರೆ. ಅಕ್ಕ ತಂಗಿಯ ಮುಖ, ಕತ್ತು, ಭುಜವನ್ನೆಲ್ಲ ಬೆರಳಲ್ಲಿ ತಡವಿ, "ಏನೇ ಅಂಜೀ, ಹಿಂಗೆ ಒಣಗೋಗಿದ್ದೀಯ? ಯಾರೂ ಕೇಳೋರಿಲ್ವೇನೇ ನಿಂಗೆ?" ಎನ್ನುತ್ತಾರೆ. ಆಮೇಲೆ ಗುಡಿಸಲು ತಲುಪುವ ತನಕ ಇಬ್ಬರೂ ತಮ್ಮ ಮನೆಮಾತಿಗೆ ಹೊರಳುತ್ತಾರೆ. ನನಗೆ ಒಂದಕ್ಷರ ತಿಳಿಯದು, ತಿಳಿಯುವ ಅಗತ್ಯವೂ ಇರಲಿಲ್ಲ.

ಗುಡಿಸಲಿನ ಮುಂದೆ ಬಿಸಿಲು ಬಿದ್ದಿದೆ. ನನ್ನನ್ನು ದೂರದ ಒರಳುಕಲ್ಲಿನ ಮೇಲೆ ಕೂರಿಸಿದ್ದಾರೆ. ಕಣ್ಣಿಲ್ಲದವರು ಹಚ್ಚೆ ಹಾಕುವುದು ಹೇಗೆ ಎಂಬ ನನ್ನ ಅಳುಕು ನಾರಾಯಣಮ್ಮನಿಗೆ ಅಲ್ಲಿಂದಲೇ ತಿಳಿಯಿತೋ ಏನೋ. "ಹೆದ್ರಬೇಡಿ ಸ್ವಾಮಿ, ನಿಮ್ಮ ತೋಳಲ್ಲ" ಎಂದು ನಗುತ್ತಾರೆ. ತಂಗಿಯ ತೋಳನ್ನು ಅರಿಶಿನ ನೀರಲ್ಲಿ ತೊಳೆದು, ಮೊಣಕೈಯಿಂದ ಬೆರಳಗಲ ಅಳೆದು, ಉಗುರಿನಿಂದ ಚರ್ಮದ ಮೇಲೆ ಗೀರು ಎಳೆಯುತ್ತಾರೆ. ದಾರ ಸುತ್ತಿ ಕಟ್ಟಿದ ಮೂರು ಸೂಜಿಯನ್ನು ಮಸಿಯಲ್ಲಿ ಅದ್ದುತ್ತಾರೆ. ಎಡಗೈ ಹೆಬ್ಬೆರಳು ಗೀರಿನ ಮೇಲೆ ಮುಂದೆ ಮುಂದೆ ಹೋಗುತ್ತದೆ, ಸೂಜಿ ಅದರ ಹಿಂದೆಯೇ ಚುಚ್ಚುತ್ತಾ ಬರುತ್ತದೆ.

ಚುಚ್ಚುವವರು ಹಾಡಬೇಕು, ಅದೂ ಕಟ್ಟುಪಾಡೇ. ನೋವು ಕಿವಿಗೆ ಹೋಗಲಿ ಎಂದು. ನಾರಾಯಣಮ್ಮ ತಂಗಿಯ ಬಾಲ್ಯವನ್ನೇ ಹಾಡಾಗಿ ಕಟ್ಟುತ್ತಾರೆ, ಊರವರಿಗೆ ಹಾಡುತ್ತಿದ್ದ ಕನ್ನಡದಲ್ಲೇ: ಕೆರೆಗೆ ಬಿದ್ದ ಅಂಜಿ, ಅವರೆಕಾಯಿ ಕದ್ದ ಅಂಜಿ, ಕದ್ದು ಅಕ್ಕನ ಮೇಲೆ ಹೇಳಿದ ಅಂಜಿ. ಜೀವಮಾನವಿಡೀ ಬೇರೆಯವರಿಗೆ ಹಾಡಿದ ಅಂಜನಮ್ಮ ಈಗ ತುಟಿ ಕಚ್ಚಿಕೊಂಡು ಕೇಳುತ್ತಿದ್ದಾರೆ. ಸೂಜಿಗೆ ಅಳುತ್ತಿದ್ದಾರೋ ಹಾಡಿಗೋ, ಕಣ್ಣಲ್ಲಿ ನೀರಂತೂ ಇದೆ.

ಮೊದಲ ಹಕ್ಕಿ ಮುಗಿದಾಗ ಬಗ್ಗಿ ನೋಡಿಕೊಂಡು ನಗುತ್ತಾರೆ. "ಅಕ್ಕಾ, ಹಕ್ಕಿ ಹಾಕು ಅಂದ್ರೆ ಕೋಳಿ ಹಾಕಿದ್ಯಲ್ಲೇ. ಹೊಟ್ಟೆ ನೋಡು ಇದ್ರದ್ದು!"

"ನಿನ್ನಂಗೆ ಒಣಗಿರೋ ಹಕ್ಕಿ ಯಾಕೇ? ಉಂಡಿರೋ ಹಕ್ಕಿ ಇರ್ಲಿ ಬುಡು."

ಎರಡನೆಯದಕ್ಕೆ ಉಗುರು ಗೀರು ಎಳೆಯುವಾಗ ಅಂಜನಮ್ಮನ ಕತ್ತು ಪಕ್ಕಕ್ಕೆ ವಾಲುತ್ತದೆ. ನಾನು ಎದ್ದು ಓಡುವ ಮೊದಲೇ ನಾರಾಯಣಮ್ಮ ಸೂಜಿ ಕೆಳಗಿಟ್ಟು ತಂಗಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದಾರೆ. ಕೈ ತಣ್ಣಗಾದದ್ದು ಅವರಿಗೆ ಬೆರಳಲ್ಲೇ ತಿಳಿದಿತ್ತು. ನೀರು ಚಿಮುಕಿಸುತ್ತೇವೆ. ಅಂಜನಮ್ಮ ಕಣ್ಣು ಬಿಡುತ್ತಾರೆ.

"ಅಂಜೀ, ಬೆಳಿಗ್ಗೆ ಏನು ಉಂಡೆ?"

ಅಂಜನಮ್ಮ ಅಕ್ಕನ ಮಡಿಲಿಗೆ ಮುಖ ಒತ್ತಿಕೊಳ್ಳುತ್ತಾರೆ.

"ರಾತ್ರಿ?"

"ಮಸಿಗೆ ದೀಪ ಇಕ್ಕಿದ್ನಲ್ಲಕ್ಕಾ. ದೀಪ ಇಕ್ಕಿದ್ಮೇಲೆ ಉಣ್ಣಲ್ವಲ್ಲ ನಾವು."

ನಾರಾಯಣಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಉಂಡು ಬನ್ನಿ, ಉಂಡು ಬನ್ನಿ ಎಂದು ಊರಿಗೆಲ್ಲ ಹೇಳಿದವರು, ತಾವು ಕೂರುವ ದಿನ ಹಾಕುವವರ ಉಪವಾಸ ಮಾಡಿ ಕೂತಿದ್ದಾರೆ. ಇವತ್ತು ತಾವು ಸೂಜಿಯ ಈ ಕಡೆ ಅಲ್ಲ, ಆ ಕಡೆ ಎಂಬುದು ಅಷ್ಟು ದಿನದ ಅಭ್ಯಾಸಕ್ಕೆ ಹೊಳೆದಿಲ್ಲ. ಅಕ್ಕನದೂ ಉಪವಾಸವೇ. ಅವರದು ನ್ಯಾಯವಾದ ಉಪವಾಸ.

ಸೂಜಿ ಒಮ್ಮೆ ಕೆಳಗಿಟ್ಟರೆ ಆ ತೋಳನ್ನು ಅಂದು ಮತ್ತೆ ಮುಟ್ಟುವಂತಿಲ್ಲ. ಗಾಯದ ಹೊಪ್ಪಳೆ ಉದುರಿ, ಒಂದು ಅಮಾವಾಸ್ಯೆ ಕಳೆಯಬೇಕು. ಕಲೆಸಿದ ಮಸಿಯನ್ನೂ ಇಡುವಂತಿಲ್ಲ. ನಾರಾಯಣಮ್ಮ ಅದನ್ನು ತುಂಬೆ ಗಿಡದ ಬುಡಕ್ಕೆ ಸುರಿಸಿ ಸೂಜಿ ತೊಳೆಸುತ್ತಾರೆ. ಇನ್ನೊಂದು ಸಲ ಅಳಿಯನಿಗೆ ಏನು ಹೇಳಿ ಬರುವುದು ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಒಂದೇ ಹಕ್ಕಿ, ಎದುರಿಗೆ ಬರೀ ಚರ್ಮ. ನೋಡುವುದಕ್ಕೆ ನನಗೇ ಆಗಲಿಲ್ಲ.

ಸುದ್ದಿ ತಿಳಿದ ಗೌರಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಡುತ್ತಾಳೆ. ಗುಡಿಸಲಿನಲ್ಲಿರುವುದು ಒಂದೇ ತಟ್ಟೆ. ಒಬ್ಬರೇ ಇರುವ ಮನೆಯಲ್ಲಿ ಎರಡನೇ ತಟ್ಟೆ ಯಾಕಿರುತ್ತದೆ? ಅಕ್ಕ ಮುದ್ದೆ ಮುರಿದು ತಂಗಿಯ ಬಾಯಿ ಹುಡುಕಿ ಇಡುತ್ತಾರೆ, ತಂಗಿ ಅಕ್ಕನ ಕೈಯನ್ನು ಸಾರಿನ ಕಡೆ ತಿರುಗಿಸುತ್ತಾರೆ. ಅಂಜನಮ್ಮ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಉಣ್ಣುವುದನ್ನು ಗೌರಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅವರು ಹೀಗೆ ಉಂಡದ್ದನ್ನು ತಾನು ಕಂಡೇ ಇಲ್ಲ ಎಂದು ನನಗೆ ಪಿಸುಗುಟ್ಟುತ್ತಾಳೆ.

ದೂರದಲ್ಲಿ ಗಾಡಿಯ ಗೆಜ್ಜೆ ಕೇಳಿಸುತ್ತದೆ. ಮಸಿ ಹತ್ತಿದ ಬೆರಳನ್ನು ನಾರಾಯಣಮ್ಮ ಬೂದಿ, ಹುಣಿಸೆಹಣ್ಣು ಹಾಕಿ ಉಜ್ಜುತ್ತಾರೆ. "ದರ್ಶನಕ್ಕೋದೋಳ ಬೆರಳು ಯಾಕೆ ಕರ್ರಗಾಗೈತೆ ಅಂತ ಕೇಳ್ತಾನೆ." ಎಷ್ಟು ಉಜ್ಜಿದರೂ ಉಗುರಿನ ಸಂದಿಯದು ಹೋಗುವುದಿಲ್ಲ. ಕೊನೆಗೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಗಾಡಿ ಹತ್ತುತ್ತಾರೆ. ಅಂಜನಮ್ಮ ಏರಿಯ ತುದಿಯವರೆಗೆ ಗಾಡಿಯ ಹಿಂದೆ ನಡೆದು, ಅಲ್ಲಿಯೇ ನಿಂತುಬಿಡುತ್ತಾರೆ. ಕೈ ಬೀಸುವುದಿಲ್ಲ. ಬೀಸಿದರೂ ಅಕ್ಕನಿಗೆ ಕಾಣುವುದಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ನಾನು ಮತ್ತೆ ಹೋಗಿದ್ದೇನೆ. ಹೊಪ್ಪಳೆ ಉದುರಿ ಹಕ್ಕಿ ಹಸಿರಾಗಿ ಎದ್ದಿದೆ. ಹೊಟ್ಟೆ ನಿಜವಾಗಿಯೂ ಕೋಳಿಯದೇ. ಯಾರಾದರೂ ಹಚ್ಚೆಗೆ ಕರೆದರೆ ಏನು ಮಾಡುತ್ತೀರಿ ಎಂದರೆ, "ಅರ್ಧ ಹಾಕ್ಸ್ಕಂಡೋಳು ಅರ್ಧ ಕಸುಬು ಮಾಡ್ಬೋದಲ್ವಾ?" ಎಂದು ನಗುತ್ತಾರೆ. ತಿಮ್ಮರಾಯಪ್ಪ ಹೇಳಿದ್ದಾನಂತೆ: ಅಕ್ಕ ಚೆನ್ನಾಗಿದ್ದಾರೆ, ದೇವಿಗೆ ಇನ್ನೊಂದು ಹರಕೆ ಇದೆ ಎಂದು ಅಳಿಯನ ಕಿವಿಗೆ ಆಗಲೇ ಹಾಕಿದ್ದಾರೆ. ಗುಡಿಸಲಿನ ಮೂಲೆಯಲ್ಲಿ ಹೊಸ ತಟ್ಟೆಯೊಂದು ಬೋರಲಾಗಿದೆ.

"ಒಂದೇ ಹಕ್ಕಿ ನೋಡಿ ನಿಮ್ಮವ್ವ ಗುರುತು ಹಿಡೀತಾರಾ?" ಎಂದು ಕೇಳುತ್ತೇನೆ.

"ಈ ಹೊಟ್ಟೆ ನೋಡಿದ್ರೆ ಹಿಡೀದೆ ಇರ್ತಾಳಾ? ದೊಡ್ಡೋಳು ಹಾಕಿರೋದು ಅಂತ ದೂರದಿಂದ್ಲೇ ಗೊತ್ತಾಯ್ತದೆ."

ಆದರೂ ಆ ದಿನ ಉಪವಾಸ ಕೂತದ್ದು ಎಂಥ ಎಡವಟ್ಟು ಎಂದು ನಾನು ಪೇಚಾಡುತ್ತೇನೆ. ಒಂದು ಸಲ ಗಾಡಿ ಹತ್ತಿಸಲು ನಾಲ್ಕು ವರ್ಷ ಹಿಡಿದಿತ್ತಲ್ಲ ಎನ್ನುತ್ತೇನೆ. ಅಂಜನಮ್ಮ ಬೋರಲು ಮಡಕೆಯ ಕೆಳಗೆ ಹಣತೆ ಇಟ್ಟು, ಬತ್ತಿ ಸರಿಮಾಡಿ, ತೋಳಿನ ಹಕ್ಕಿಯನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿಕೊಳ್ಳುತ್ತಾರೆ.

"ಮರ್ತೇ ಕೂತಿದ್ದು ಸ್ವಾಮಿ, ಬೇಕು ಅಂತಲ್ಲ. ಆದ್ರೆ ಒಳ್ಳೇದೇ ಆಯ್ತು ಬುಡಿ. ಎರಡೂ ಹಕ್ಕಿ ಒಂದೇ ದಿನ ಕೂತ್ಬುಟ್ಟಿದ್ರೆ, ನಮ್ಮಕ್ಕ ಇನ್ನೊಂದ್ಸಲ ಯಾತಕ್ಕೆ ಬತ್ತಿದ್ಲು?"